ಶಿವಮೊಗ್ಗದ ಕಾಲೇಜಿನಿಂದ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗಬಹುದಾ?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೀರಿ. ಪಿಯುಸಿ ಮುಗಿದಾಗ ಹೊರದೇಶದ ವಿಷಯ ಯಾರೂ ಹೇಳಲಿಲ್ಲ. ಈಗ ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯಕ್ಕೆ ನಡುವೆಯೇ ಸೇರಬಹುದಾ, ನಮ್ಮ ಕಾಲೇಜಿನ ಹೆಸರೇ ಅವರಿಗೆ ಗೊತ್ತಿರಲ್ಲ ಅಲ್ವಾ ಎಂದು ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವಳು. ಶಿವಮೊಗ್ಗದಲ್ಲೇ ಎರಡು ವರ್ಷ ಬಿ.ಎಸ್ಸಿ. ಓದಿ, ಅಲ್ಲಿಂದಲೇ ಅರ್ಜಿ ಹಾಕಿ ಹೋದವಳು. ಆರು ಕಡೆ ಹಾಕಿದ್ದೆ, ಐದು ಕಡೆ ಆಗಲಿಲ್ಲ, ಒಂದು ಕಡೆ ಆಯಿತು.

ಆಗಬಹುದು. ಆದರೆ ಕಷ್ಟ, ಅದನ್ನು ಮೊದಲೇ ತಿಳಿದಿರಿ. ಹಾರ್ವರ್ಡ್, ಯೇಲ್ ತರಹದ ಕಡೆ ಟ್ರಾನ್ಸ್‌ಫರ್ ಸಿಗುವುದು ನೂರಕ್ಕೆ ಕೆಲವೇ ಜನರಿಗೆ. ಪ್ರಿನ್ಸ್‌ಟನ್ ಅಂತೂ 1990ರಲ್ಲಿ ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಿದ್ದು 2018ರಲ್ಲಿ. ಕಾರ್ನೆಲ್ ತರಹದ ಕಡೆ ಸ್ವಲ್ಪ ಜಾಸ್ತಿ ಜನರನ್ನು ತೆಗೆದುಕೊಳ್ಳುತ್ತಾರೆ. ಬಹಳಷ್ಟು ಕಡೆ ಕೊನೆಯ ದಿನ ಮಾರ್ಚ್ ತಿಂಗಳಲ್ಲಿ ಬರುತ್ತದೆ, ಆಗಸ್ಟ್ ಹೊತ್ತಿಗೆ ಅಲ್ಲಿ ತರಗತಿ ಶುರು. ಹಾರ್ವರ್ಡ್‌ಗೆ ಸೇರಬೇಕಾದರೆ ಮೊದಲೇ ಒಂದು ವರ್ಷವಾದರೂ ಡಿಗ್ರಿ ಓದಿರಬೇಕು, ಎರಡು ವರ್ಷ ದಾಟಿರಬಾರದು. ಅಂದರೆ ಮೂರನೇ ವರ್ಷಕ್ಕೆ ಹೋದ ಮೇಲೆ ಯೋಚನೆ ಮಾಡಿದರೆ ತಡವಾಯಿತು. ಅವರ ಡಿಗ್ರಿ ಬೇಕಾದರೆ ಕೊನೆಗೆ ಎರಡು ವರ್ಷವಾದರೂ ಅಲ್ಲೇ ಓದಬೇಕು. ನಮ್ಮ ಮೂರು ವರ್ಷದ ಓದು ಹೀಗೆ ನಾಲ್ಕು ವರ್ಷ ಆಗುತ್ತದೆ. ಮನೆಯವರಿಗೆ ಇದನ್ನು ಈಗಲೇ ಹೇಳಿಬಿಡಿ.

ಇನ್ನೊಂದು ಮಾತು. ನಿಮ್ಮ ಮನಸ್ಸಿನಲ್ಲಿರುವುದು ನಿಜವಾಗಿ ಬೆಂಗಳೂರಿನ ಐಐಎಸ್‌ಸಿಯೋ ಯಾವುದಾದರೂ ಐಐಟಿಯೋ ಆಗಿದ್ದರೆ ಈ ದಾರಿ ಬೇಡ. ಡಿಗ್ರಿ ನಡುವೆ ಹೊರಗಿನ ಕಾಲೇಜಿನವರನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ಇಲ್ಲೇ ಬಿ.ಎಸ್ಸಿ. ಮುಗಿಸಿ ಅಲ್ಲಿನ ಎಂ.ಎಸ್ಸಿ.ಗೆ ನಡೆಸುವ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ ಬರೆಯಿರಿ, ಹೋಗಬಹುದು. ನನ್ನ ಗೆಳತಿ ಹಾಗೇ ಹೋದಳು.

ಸರಿ, ಅಮೆರಿಕವೇ ಎಂದಾದರೆ ಮೊದಲ ತೊಡಕು ಬರುವುದು ನಮ್ಮ ಕಾಲೇಜಿನ ಆಫೀಸಿನಲ್ಲಿ. ನಮ್ಮಲ್ಲಿ ಟ್ರಾನ್ಸ್‌ಫರ್ ಎಂದರೆ ಟಿಸಿ. ನಾನು ಕೌಂಟರ್ ಮುಂದೆ ನಿಂತು, ‘ಸರ್, ಟ್ರಾನ್ಸ್‌ಫರ್‌ಗೆ ಒಂದು ಫಾರಂ ತುಂಬಿ ಕೊಡಬೇಕಿತ್ತು’ ಎಂದೆ. ಗುಮಾಸ್ತರು ಬೀರು ತೆಗೆದು ಟಿಸಿ ಪುಸ್ತಕ ಮೇಜಿನ ಮೇಲಿಟ್ಟರು. ಕಾರ್ಬನ್ ಹಾಳೆ ಸರಿಮಾಡುತ್ತಾ, ‘ನೋ ಡ್ಯೂ ತಂದಿದ್ದೀಯೇನಮ್ಮಾ?’ ಎಂದು ಕೇಳಿದರು. ನನ್ನ ಎದೆ ಧಸಕ್ ಎಂದಿತು. ಟಿಸಿ ತೆಗೆದುಕೊಂಡರೆ ಇಲ್ಲಿನ ಸೀಟು ಹೋಯಿತು, ಅಲ್ಲಿ ಸಿಗುತ್ತದೆ ಎಂಬ ಭರವಸೆ ಏನೂ ಇಲ್ಲ. ಅವರ ತಪ್ಪಲ್ಲ, ಅಂಥ ಫಾರಂ ಹಿಡಿದು ಅಲ್ಲಿಗೆ ಹೋದವಳು ನಾನೇ ಮೊದಲು. ನೀವು ಹೋಗುವಾಗ ‘ಅರ್ಜಿಗೆ ಕಾಲೇಜ್ ರಿಪೋರ್ಟ್ ಬೇಕು’ ಎಂದೇ ಕೇಳಿ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್ ಎಂಬ ವೆಬ್‌ಸೈಟಿನಲ್ಲಿ ಅದರ ಹೆಸರೇ ಹಾಗೆ. ಈ ಹುಡುಗಿ ನಮ್ಮಲ್ಲಿ ಓದುತ್ತಿದ್ದಾಳೆ, ಅವಳ ಮೇಲೆ ಶಿಸ್ತು ಕ್ರಮ ಏನೂ ಇಲ್ಲ ಎಂದು ಕಾಲೇಜಿನವರು ಅದರಲ್ಲಿ ಹೇಳಬೇಕು. ಒಂದು ಪ್ರಿಂಟ್ ತೆಗೆದು, ಯಾವ ಜಾಗದಲ್ಲಿ ಏನು ಬರಬೇಕು ಎಂದು ಪೆನ್ಸಿಲ್‌ನಲ್ಲಿ ಬರೆದು ಪ್ರಿನ್ಸಿಪಾಲರ ಹತ್ತಿರ ಹೋಗಿ. ಸೀಟು ಖಚಿತವಾಗಿ, ವೀಸಾ ಕೈಗೆ ಬರುವವರೆಗೆ ಟಿಸಿ ತೆಗೆಸಬೇಡಿ.

ಇದರ ಜೊತೆ ಮಿಡ್‌ಟರ್ಮ್ ರಿಪೋರ್ಟ್ ಎಂದು ಒಂದಿದೆ. ಈಗ ನಡೆಯುತ್ತಿರುವ ಸೆಮಿಸ್ಟರಿನಲ್ಲಿ ಇಲ್ಲಿಯವರೆಗೆ ಎಷ್ಟು ಅಂಕ ಎಂದು ಕೇಳುತ್ತಾರೆ. ನಮ್ಮಲ್ಲಿ ಆ ಹೊತ್ತಿಗೆ ಇರುವುದು ಇಂಟರ್ನಲ್ಸ್ ಮಾತ್ರ. ಅದನ್ನೇ, ಎಷ್ಟಕ್ಕೆ ಎಷ್ಟು ಎಂದು ಬರೆಯಿರಿ. ಅಂಕವನ್ನು ನೀವೇ ಅವರ ಜಿಪಿಎಗೆ, ಅಂದರೆ ಅಲ್ಲಿನ ಗ್ರೇಡಿನ ಸರಾಸರಿಗೆ, ಬದಲಾಯಿಸಲು ಹೋಗಬೇಡಿ. ಮತ್ತೆ, ಪಾಠ ಮಾಡುವುದು ಕಾಲೇಜು, ಮಾರ್ಕ್ಸ್ ಕಾರ್ಡ್ ಕೊಡುವುದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಈ ವ್ಯವಸ್ಥೆ ಅಮೆರಿಕದವರಿಗೆ ಪರಿಚಯ ಇರುವುದಿಲ್ಲ. ಎರಡು ಹೆಸರು ನೋಡಿ ಎರಡು ಕಾಲೇಜು ಓದಿದ್ದಾಳೆ ಎಂದುಕೊಳ್ಳಬಹುದು. ಹೆಚ್ಚಿನ ಮಾಹಿತಿ ಬರೆಯುವ ಜಾಗದಲ್ಲಿ ನಾಲ್ಕು ಸಾಲಿನಲ್ಲಿ ವಿವರಿಸಿ. ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ನೋಡುವ ಟೋಫೆಲ್ ಪರೀಕ್ಷೆಗೆ ನಾನು ರಾತ್ರಿ ತಾಳಗುಪ್ಪ–ಮೈಸೂರು ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರೆದು ಬಂದೆ. ಅದೇನೂ ದೊಡ್ಡ ವಿಷಯವಲ್ಲ.

ಈಗ ನಿಮ್ಮ ನಿಜವಾದ ಚಿಂತೆಗೆ ಬರುತ್ತೇನೆ. ಹೌದು, ನಿಮ್ಮ ಕಾಲೇಜಿನ ಹೆಸರು ಅವರಿಗೆ ಗೊತ್ತಿರುವುದಿಲ್ಲ. ಅದರಿಂದ ಅರ್ಜಿ ಬಿದ್ದುಹೋಗುವುದಿಲ್ಲ. ಈ ಕಾಲೇಜಿನಲ್ಲಿ ಕೂತು ನೀವು ಏನು ಮಾಡಿದಿರಿ ಎನ್ನುವುದು ಕಾಣದೇ ಹೋದರೆ ಮಾತ್ರ ಬೀಳುತ್ತದೆ.

ಯಾಕೆ ಕಾಲೇಜು ಬದಲಾಯಿಸುತ್ತೀರಿ ಎಂದು ಅರ್ಜಿಯ ಜೊತೆ ಒಂದು ಪ್ರಬಂಧ ಬರೆಯಬೇಕು. ನನ್ನ ಮೊದಲ ಪ್ರಬಂಧದಲ್ಲಿ ಬರೀ ದೂರು ಇತ್ತು. ಲ್ಯಾಬಿನಲ್ಲಿ ಆ ಯಂತ್ರ ಇಲ್ಲ, ಲೈಬ್ರರಿಯಲ್ಲಿ ಈ ಪುಸ್ತಕ ಇಲ್ಲ, ಅದಕ್ಕೇ ನಾನು ಅಲ್ಲಿಗೆ ಬರಬೇಕು ಎಂದು ಒಂದೂವರೆ ಪುಟ. ಕೆಮಿಸ್ಟ್ರಿ ಮೇಡಂಗೆ ತೋರಿಸಿದೆ. ಅವರು ನಿಧಾನವಾಗಿ ಓದಿ, ಹಾಳೆ ಮಡಚಿ ಕೈಗಿಟ್ಟರು. ‘ಇಲ್ಲಿ ಏನೇನು ಇಲ್ಲ ಅಂತ ಗೊತ್ತಾಯ್ತು. ನೀನು ಏನು ಮಾಡಿದೆ ಅನ್ನೋದು ಎಲ್ಲಿದೆ?’ ಎಂದರು. ಆ ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಮೊದಲಿಂದ ಬರೆದೆ.

ಬರೆದದ್ದು ಕೊಳೆ ಮದ್ದಿನ ಬಗ್ಗೆ. ನಿಮಗೆ ಗೊತ್ತೇ ಇರುತ್ತದೆ, ಅಡಿಕೆಗೆ ಕೊಳೆ ರೋಗ ಬಾರದಿರಲಿ ಎಂದು ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ಮದ್ದು. ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಅಪ್ಪಯ್ಯ ಡ್ರಮ್ಮಿನಲ್ಲಿ ಮದ್ದು ಕಲಸಿದ ಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ ಹಿಡಿಯುತ್ತಾರೆ. ಹೊರಗೆ ತೆಗೆದಾಗ ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ಇನ್ನಷ್ಟು ಸುಣ್ಣದ ನೀರು ಹಾಕುತ್ತಾರೆ. ಚಿಕ್ಕವಳಿದ್ದಾಗಿನಿಂದ ನೋಡಿದ್ದೆ, ಯಾಕೆ ಎಂದು ಕೇಳಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಓದಿದ ಮೇಲೆ ಹೊಳೆಯಿತು. ಸುಣ್ಣ ಕಡಿಮೆಯಾದರೆ ತಾಮ್ರ ನೀರಿನಲ್ಲಿ ಕರಗಿಯೇ ಉಳಿಯುತ್ತದೆ, ಅದೇ ಕಬ್ಬಿಣದ ಮೇಲೆ ಬಂದು ಕೂರುತ್ತದೆ. ಅಂಥ ಮದ್ದು ಹೊಡೆದರೆ ಎಳೆ ಕಾಯಿ ಸುಡುತ್ತದೆ. ಆ ಮಳೆಗಾಲ ಲ್ಯಾಬಿನಿಂದ, ಹುಳಿ ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಪಿಎಚ್ ಪೇಪರ್ ಕೇಳಿ ತಂದು ನಮ್ಮೂರಿನ ಒಂಬತ್ತು ತೋಟಗಳ ಮದ್ದನ್ನು ಅಳೆದೆ. ಅಳತೆ ಸರಿಯಾಗಿದ್ದರೂ ಮೂರು ಕಡೆ ಹುಳಿ ಇತ್ತು. ಮೂರೂ ಮನೆಯಲ್ಲಿ ಹೋದ ವರ್ಷದ ಸುಣ್ಣ, ಚೀಲದ ಬಾಯಿ ತೆರೆದೇ ಇಟ್ಟಿದ್ದರು. ಗಾಳಿ ತಾಗಿ ಸುಣ್ಣದ ಶಕ್ತಿ ಹೋಗಿತ್ತು.

ಇಷ್ಟೇ ನನ್ನ ಸಂಶೋಧನೆ. ಆದರೆ ಅಲ್ಲಿಂದ ಒಂದು ಪ್ರಶ್ನೆ ಹುಟ್ಟಿತು. ನಮ್ಮ ಮಳೆಗೆ ಗೊನೆಯ ಮೇಲೆ ತಾಮ್ರ ಎಷ್ಟು ದಿನ ಉಳಿಯುತ್ತದೆ? ಪಿಎಚ್ ಪೇಪರಿನಲ್ಲಿ ಅದು ತಿಳಿಯುವುದಿಲ್ಲ. ಅದಕ್ಕೆ ಬೇಕಾದ ಕಲಿಕೆ, ಬೇಕಾದ ಲ್ಯಾಬು ಎಲ್ಲಿದೆ ಎಂದು ಹುಡುಕಿದೆ. ಯಾವ ಕೋರ್ಸು, ಯಾವ ಪ್ರಯೋಗಾಲಯ ಎಂದು ಒಂದೊಂದು ವಿಶ್ವವಿದ್ಯಾಲಯಕ್ಕೂ ಬೇರೆಬೇರೆಯಾಗಿ ಬರೆದೆ. ಯಾಕೆ ಬಿಡುತ್ತೀಯ, ಯಾಕೆ ನಮ್ಮಲ್ಲಿಗೇ ಬರುತ್ತೀಯ ಎನ್ನುವ ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಸಿಕ್ಕಿತು. ಕಾಲೇಜನ್ನು ಬೈಯುವ ಅಗತ್ಯವೇ ಬರಲಿಲ್ಲ. ನಿಮ್ಮ ವಿಷಯ ಬೇರೆ ಇರಬಹುದು. ಆದರೆ ನಿಮ್ಮ ಕೈಯಾರೆ ಮಾಡಿ ನೋಡಿದ್ದು ಏನಾದರೂ ಇರಲಿ. ಇಲ್ಲದಿದ್ದರೆ ಇನ್ನೂ ಒಂದು ವರ್ಷ ಇದೆ, ಈಗ ಶುರು ಮಾಡಿ.

ಶಿಫಾರಸು ಪತ್ರವೂ ಹಾಗೇ. ನಮ್ಮ ಮೇಷ್ಟ್ರುಗಳು ಪ್ರೀತಿಯಿಂದಲೇ ‘ಒಳ್ಳೆಯ ನಡತೆಯ, ವಿಧೇಯ ವಿದ್ಯಾರ್ಥಿನಿ’ ಎಂದು ಎರಡು ಸಾಲು ಬರೆದುಕೊಡುತ್ತಾರೆ. ಅದು ಸಾಲದು. ನಾನು ಮೇಡಂಗೆ, ಅವರ ತರಗತಿಯಲ್ಲಿ ನಡೆದ ನಾಲ್ಕು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು, ‘ನಿಮಗೆ ನೆನಪಿರುವುದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ ಮೇಡಂ’ ಎಂದು ಕೇಳಿಕೊಂಡೆ. ಪತ್ರವನ್ನು ನೀವೇ ಬರೆದು ಅವರಿಂದ ಸಹಿ ಮಾಡಿಸಬೇಡಿ. ಅದು ಸುಳ್ಳು, ಸಿಕ್ಕಿಬಿದ್ದರೆ ಎಲ್ಲವೂ ಮುಗಿಯಿತು. ದುಡ್ಡು ಕೊಟ್ಟರೆ ಪ್ರಬಂಧ ಬರೆದುಕೊಡುವ ಏಜೆಂಟರ ಹತ್ತಿರವೂ ಹೋಗಬೇಡಿ.

ಕೊನೆಗೆ ದುಡ್ಡು. ನನಗೆ ಜಾಸ್ತಿ ಕಣ್ಣೀರು ತರಿಸಿದ್ದು ಇದೇ. ಅರ್ಜಿ ಶುಲ್ಕವೇ ಒಂದೊಂದು ಕಡೆಗೆ ಸುಮಾರು 75ರಿಂದ 90 ಡಾಲರ್. ಕಟ್ಟಲು ಆಗದಿದ್ದರೆ ವಿನಾಯಿತಿ ಕೇಳಬಹುದು, ನಾನು ಸಂಕೋಚಪಡದೆ ಕೇಳಿದೆ. ಹೊರದೇಶದ ಟ್ರಾನ್ಸ್‌ಫರ್ ವಿದ್ಯಾರ್ಥಿಗೆ ಎಷ್ಟೋ ಕಡೆ ಹಣದ ಸಹಾಯವೇ ಇಲ್ಲ. ಕೊಡುವ ಕಡೆಯೂ, ಸಹಾಯ ಕೇಳಿದ್ದೀರಿ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಸೀಟು ತೀರ್ಮಾನ ಮಾಡುವವರಿದ್ದಾರೆ. ಹಾಗಾಗಿ ಮೊದಲು ಪ್ರತಿ ವಿಶ್ವವಿದ್ಯಾಲಯದ ಹಣದ ಸಹಾಯದ ನಿಯಮ ಓದಿ, ಆಮೇಲೆ ಪಟ್ಟಿ ಮಾಡಿ. ನನ್ನ ಪಟ್ಟಿಯಲ್ಲಿದ್ದ ಹದಿನಾಲ್ಕು ಹೆಸರು ಆರಕ್ಕೆ ಇಳಿದದ್ದು ಹೀಗೆ.

ಸಹಾಯಕ್ಕೆ ಸಿಎಸ್‌ಎಸ್ ಪ್ರೊಫೈಲ್ ಎಂಬ, ಮನೆಯ ಆದಾಯ, ಆಸ್ತಿಯ ವಿವರ ಕೊಡುವ ಆನ್‌ಲೈನ್ ಫಾರಂ ತುಂಬಬೇಕು. ಅಪ್ಪಯ್ಯನಿಗೆ ಸಂಬಳದ ಚೀಟಿ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಐಟಿ ರಿಟರ್ನ್ಸ್ ಕೂಡ ಇಲ್ಲ. ನಾಡಕಚೇರಿಯ ಆದಾಯ ಪ್ರಮಾಣ ಪತ್ರ, ಪಹಣಿ, ಬ್ಯಾಂಕ್ ಪಾಸ್‌ಬುಕ್, ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸ್‌ನಲ್ಲಿ ಅಡಿಕೆ ಮಾರಿದ ಪಟ್ಟಿಗಳು, ಇವಿಷ್ಟನ್ನು ಜೋಡಿಸಿದೆವು. ಪಟ್ಟಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆಯ ಬಗೆಗಳ ಹೆಸರಿತ್ತು. ಒಂದೊಂದೂ ಏನು ಎಂದು ಇಂಗ್ಲಿಷಿನಲ್ಲಿ ಬರೆದೆ. ಕೊಳೆ ಬಂದ ವರ್ಷ ಫಸಲು ಎಷ್ಟು ಇಳಿಯಿತು, ದರ ವರ್ಷವರ್ಷ ಹೇಗೆ ಏರಿಳಿಯುತ್ತದೆ ಎಂದು ಒಂದು ಪುಟ ಸೇರಿಸಿದೆ. ಅಪ್ಪಯ್ಯ ತಮ್ಮ ಸಾಲದ ಲೆಕ್ಕವನ್ನು ಮೊದಲ ಸಲ ನನ್ನ ಮುಂದೆ ಬಾಯಿಬಿಟ್ಟು ಹೇಳಿದ್ದು ಆ ದಿನ. ಅಮ್ಮ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ಈ ಕಾಗದಗಳಿಗೆ ಒಂದು ತಿಂಗಳಾದರೂ ಇಟ್ಟುಕೊಳ್ಳಿ, ಜನವರಿಗೇ ಶುರು ಮಾಡಿ.

ನಾನು ಈಗ ರಜೆಗೆ ಊರಿಗೆ ಬಂದಿದ್ದೇನೆ, ಜುಲೈ ಕೊನೆಯವರೆಗೆ ಇರುತ್ತೇನೆ. ಕಾಲೇಜ್ ರಿಪೋರ್ಟ್ ಬಗ್ಗೆ ಆಫೀಸಿನಲ್ಲಿ ಏನೆಂದರು ಎಂದು ಇಲ್ಲೇ ಬರೆಯಿರಿ. ಪ್ರಬಂಧದ ಮೊದಲ ಕರಡು ಆದಾಗ ಹೇಳಿ, ಖಂಡಿತ ಓದುತ್ತೇನೆ. ಮಳೆ ಜೋರಾಗಿ ಕರೆಂಟ್ ಹೋದರೆ ಉತ್ತರ ಎರಡು ದಿನ ತಡವಾಗಬಹುದು.