ಕಂಪನಿ ಇಮೇಲ್ ಬೇರೆ ಕಡೆ ಸಾಗಿಸುವುದು ಹೇಗೆ? ಓದುಗರ ಪ್ರಶ್ನೆಗಳು

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ, ವಾಲ್ವ್ ಬಿಡಿಭಾಗ ಮಾಡುತ್ತೇವೆ. ವೆಬ್‌ಸೈಟ್ ಮಾಡಿಕೊಟ್ಟವರೇ ಕಂಪನಿ ಹೆಸರಿನ ಇಮೇಲ್ ಕೂಡ ಕೊಟ್ಟಿದ್ದರು. ಆರು ವಿಳಾಸ ಇವೆ: ಇನ್ಫೋ, ಸೇಲ್ಸ್, ಅಕೌಂಟ್ಸ್, ಮತ್ತೆ ನಾವು ಮೂವರ ಹೆಸರಿನಲ್ಲಿ ಒಂದೊಂದು. ಈಗ ಬಾಕ್ಸ್ ಪದೇ ಪದೇ ತುಂಬುತ್ತದೆ, ಕಳಿಸಿದ ಕೊಟೇಶನ್ ಪಾರ್ಟಿಗಳ ಸ್ಪ್ಯಾಮ್‌ಗೆ ಹೋಗುತ್ತದೆ. ಗೂಗಲ್ ವರ್ಕ್‌ಸ್ಪೇಸ್‌ಗೋ ಜೋಹೊಗೋ ಹೋಗಬೇಕು ಅಂತಿದ್ದೇವೆ. ವಿಳಾಸ ಬದಲಾಗಬಾರದು, ಹಳೆಯ ಪಿಓ (ಖರೀದಿ ಆದೇಶ) ಎಲ್ಲ ಉಳಿಯಬೇಕು, ಮೇಲ್ ನಿಲ್ಲಬಾರದು. ಆಗುತ್ತಾ?

ಉತ್ತರ: ಆಗುತ್ತದೆ. ವಿಳಾಸ ನಿಮ್ಮ ಡೊಮೇನ್‌ಗೆ, ಅಂದ್ರೆ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರಿಗೆ, ಸೇರಿದ್ದು, ಮೇಲ್ ಇಟ್ಟುಕೊಳ್ಳುವ ಕಂಪನಿಗೆ ಸೇರಿದ್ದಲ್ಲ. ಹಾಗಾಗಿ ಕಂಪನಿ ಬದಲಾದರೂ ವಿಳಾಸ ಅದೇ ಇರುತ್ತದೆ. ಜಿಎಸ್‌ಟಿ ಪೋರ್ಟಲ್, ಬ್ಯಾಂಕು, ಗಿರಾಕಿಗಳ ವೆಂಡರ್ ಪಟ್ಟಿ, ಎಲ್ಲೂ ಏನೂ ತಿದ್ದಬೇಕಿಲ್ಲ.

ಆದರೆ ದುಡ್ಡು ಕಟ್ಟುವ ಮುಂಚೆ ಒಂದು ವಿಷಯ ನೋಡಿ. ಡೊಮೇನ್‌ನ ಲಾಗಿನ್ ಯಾರ ಹತ್ತಿರ ಇದೆ? ಡೊಮೇನ್ ಕೊಂಡ ಜಾಗ ಒಂದು, ಅದರ ಡಿಎನ್‌ಎಸ್ (ವೆಬ್‌ಸೈಟ್ ಎಲ್ಲಿದೆ, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಸಾಲುಗಳ ಪಟ್ಟಿ) ಇರುವ ಜಾಗ ಇನ್ನೊಂದು, ವೆಬ್‌ಸೈಟ್ ಕೂತಿರುವ ಜಾಗ ಮತ್ತೊಂದು ಇರಬಹುದು, ಮೇಲ್ ನಾಲ್ಕನೆಯದು. ನಿಮಗೆ ಎಲ್ಲವನ್ನೂ ಒಬ್ಬರೇ ಕೊಟ್ಟಿರುವುದರಿಂದ ಎಲ್ಲ ಒಂದೇ ಅನ್ನಿಸುತ್ತಿದೆ, ಅಷ್ಟೆ. ನೀವು ಮುಟ್ಟಬೇಕಾಗಿರುವುದು ಡಿಎನ್‌ಎಸ್ ಅನ್ನು, ಅದರಲ್ಲೂ ಮೂರ್ನಾಲ್ಕು ಸಾಲುಗಳನ್ನು ಮಾತ್ರ. ಆ ಪುಟ ತೆರೆಯಲು ನಿಮಗೆ ಆಗುತ್ತಿಲ್ಲ ಅಂದ್ರೆ ಮಿಕ್ಕಿದ್ದೆಲ್ಲ ಸುಮ್ನೆ ಮಾತು.

ಯಾರಾದರೂ 'ನೇಮ್‌ಸರ್ವರ್ ಬದಲಾಯಿಸಿಬಿಡಿ, ಸುಲಭ' ಅಂದರೆ ಒಪ್ಪಬೇಡಿ. ನೇಮ್‌ಸರ್ವರ್ ಬದಲಾದರೆ ಡಿಎನ್‌ಎಸ್ ಪೂರ್ತಿ ಹೊಸ ಜಾಗಕ್ಕೆ ಹೋಗುತ್ತದೆ. ಹಳೆಯ ಸಾಲುಗಳನ್ನೆಲ್ಲ ಅಲ್ಲಿ ಮತ್ತೆ ಬರೆಯದಿದ್ದರೆ ವೆಬ್‌ಸೈಟ್ ಮಾಯ. ಮೇಲ್ ಸಾಗಿಸಲು ಅದು ಬೇಕಾಗಿಯೇ ಇಲ್ಲ, ಎಮ್‌ಎಕ್ಸ್ ಬದಲಾದರೆ ಸಾಕು. ಈ ಡೊಮೇನ್‌ಗೆ ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಜಗತ್ತಿಗೆ ಹೇಳುವ ಸಾಲು ಅದು. ಬದಲಾಯಿಸುವ ಮುಂಚೆ ಈಗಿರುವ ಡಿಎನ್‌ಎಸ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಆರು ವಿಳಾಸ ಅಂದ್ರೆ ಆರು ಜನರ ಬಾಡಿಗೆ ಕಟ್ಟಬೇಕು ಅಂತಿಲ್ಲ. ಎಲ್ಲ ಕಡೆ ಲೆಕ್ಕ ಒಬ್ಬ ಬಳಕೆದಾರನಿಗೆ ತಿಂಗಳಿಗೆ ಇಷ್ಟು ಅಂತ. ನೀವು ಮೂವರು, ಮೂರು ಖಾತೆ ಸಾಕು. ಅಕೌಂಟ್ಸ್ ಅನ್ನುವುದನ್ನು ಲೆಕ್ಕ ನೋಡುವವರ ಖಾತೆಗೆ ಅಲಿಯಾಸ್, ಅಂದ್ರೆ ಅದೇ ಬಾಕ್ಸ್‌ಗೆ ಇನ್ನೊಂದು ವಿಳಾಸ, ಮಾಡಿ. ಇನ್ಫೋ ಮತ್ತು ಸೇಲ್ಸ್ ಇಬ್ಬರಿಗೆ ಬರಬೇಕಿದ್ದರೆ ಗ್ರೂಪ್ ಮಾಡಿ. ವರ್ಕ್‌ಸ್ಪೇಸ್‌ನಲ್ಲಿ ಒಬ್ಬರಿಗೆ 30 ಅಲಿಯಾಸ್‌ವರೆಗೆ ಹೆಚ್ಚುವರಿ ದುಡ್ಡಿಲ್ಲದೆ ಇಟ್ಟುಕೊಳ್ಳಬಹುದು. ಮಾರಾಟ ಮಾಡುವವರು ಇದನ್ನು ತಾವಾಗಿ ಹೇಳುವುದು ಕಡಿಮೆ. ಗೂಗಲ್ಲೋ ಜೋಹೊನೋ ಅಂದ್ರೆ, ನೀವು ದಿನವಿಡೀ ಶೀಟ್ಸ್ ಮತ್ತು ಡ್ರೈವ್‌ನಲ್ಲೇ ಕೆಲಸ ಮಾಡುವವರಾದರೆ ಗೂಗಲ್ ತಗೊಳ್ಳಿ. ಬರೀ ಮೇಲ್ ಸಾಕು ಅನ್ನುವವರಿಗೆ ಅಷ್ಟು ದುಡ್ಡು ಹಾಕುವುದು ಜಾಸ್ತಿ ಆಯ್ತು ಅಂತ ನನ್ನ ಅಭಿಪ್ರಾಯ.

ಈಗ ಕೆಲಸ. ಹೊಸ ಕಡೆ ಖಾತೆ ತೆರೆದು, ಅವರು ಕೊಡುವ ಟಿಎಕ್ಸ್‌ಟಿ ಸಾಲನ್ನು ಡಿಎನ್‌ಎಸ್‌ಗೆ ಹಾಕಿ ಡೊಮೇನ್ ನಿಮ್ಮದು ಅಂತ ತೋರಿಸಿ. ಇದರಿಂದ ಬರುವ ಮೇಲ್‌ಗೆ ಏನೂ ಆಗುವುದಿಲ್ಲ. ಆಮೇಲೆ ಖಾತೆ, ಅಲಿಯಾಸ್, ಗ್ರೂಪ್ ಎಲ್ಲವನ್ನೂ ಮಾಡಿ ಮುಗಿಸಿ. ಎಲ್ಲ ಅಂದ್ರೆ ಎಲ್ಲ, ಹಳೆಯ ಕಡೆ ಸದ್ದಿಲ್ಲದೆ ಕೆಲಸ ಮಾಡುತ್ತಿರುವ ಫಾರ್ವರ್ಡ್‌ಗಳೂ ಸೇರಿ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದ್ರೆ, ಸರ್ವರ್ ಸ್ವಲ್ಪ ಹೊತ್ತು ಸಿಗದೇ ಹೋದರೆ ಮೇಲ್ ಕಳೆಯುವುದಿಲ್ಲ. ಕಳಿಸಿದವರ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಕನಿಷ್ಠ 4-5 ದಿನ ಪ್ರಯತ್ನಿಸಬೇಕು ಅಂತಲೇ ಇಮೇಲ್ ನಿಯಮ ಹೇಳುತ್ತದೆ. ಆದರೆ ಸರ್ವರ್ ಸಿಕ್ಕಿ, 'ಈ ಹೆಸರಿನವರು ಇಲ್ಲಿಲ್ಲ' ಅಂತ 550 ಉತ್ತರ ಕೊಟ್ಟರೆ ಮೇಲ್ ಆ ಕ್ಷಣವೇ ವಾಪಸ್. ನೀವು ಮರೆತ ಒಂದು ಅಲಿಯಾಸ್‌ಗೆ ಪಿಓ ಬಂದರೆ ಹೀಗೇ ಆಗುವುದು.

ಹಳೆಯ ಮೇಲ್ ನಕಲು ಮಾಡಲು ಹೊಸ ಕಂಪನಿಯ ಅಡ್ಮಿನ್ ಪುಟದಲ್ಲೇ ಮೈಗ್ರೇಶನ್ ಅಂತ ಇರುತ್ತದೆ. ಹಳೆಯ ಕಡೆಯ ಐಮ್ಯಾಪ್ (ಮೇಲ್ ಅನ್ನು ಸರ್ವರ್‌ನಲ್ಲೇ ಇಟ್ಟು ಓದುವ ವಿಧಾನ) ಸರ್ವರ್ ಹೆಸರು, ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಫೋಲ್ಡರ್ ಸಮೇತ ಎಳೆದುಕೊಳ್ಳುತ್ತದೆ. ಇಲ್ಲೊಂದು ಗುಂಡಿ ಇದೆ, ಸುಮಾರು ಜನ ಬೀಳುತ್ತಾರೆ. ನಿಮ್ಮ ಅಕೌಂಟ್ಸ್ ಕಂಪ್ಯೂಟರ್‌ನಲ್ಲಿ ಔಟ್‌ಲುಕ್ ಪಾಪ್ ವಿಧಾನದಲ್ಲಿ, ಅಂದ್ರೆ ಮೇಲ್ ಅನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ವಿಧಾನದಲ್ಲಿ, ಇದೆಯಾ ನೋಡಿ. ಬಾಕ್ಸ್ ಪದೇ ಪದೇ ತುಂಬುವ ಕಚೇರಿಗಳಲ್ಲಿ ಯಾರೋ ಒಬ್ಬರು 'ಸರ್ವರ್‌ನಲ್ಲಿ ಪ್ರತಿ ಬಿಡು' ಅನ್ನುವ ಟಿಕ್ ತೆಗೆದಿರುತ್ತಾರೆ. ಹಾಗಾಗಿದ್ದರೆ ಹಳೆಯ ಮೇಲ್ ಸರ್ವರ್‌ನಲ್ಲಿ ಇಲ್ಲವೇ ಇಲ್ಲ, ಆ ಒಂದು ಕಂಪ್ಯೂಟರ್‌ನ ಪಿಎಸ್‌ಟಿ ಫೈಲ್‌ನಲ್ಲಿ ಮಾತ್ರ ಇದೆ. ಮೈಗ್ರೇಶನ್ 'ಯಶಸ್ವಿ' ಅಂತ ಹಸಿರು ಟಿಕ್ ತೋರಿಸುತ್ತದೆ, ಒಳಗೆ ನೋಡಿದರೆ ಹಳೆಯ ವರ್ಷಗಳು ಖಾಲಿ! ಪಿಎಸ್‌ಟಿ ಫೈಲ್‌ನ ಪ್ರತಿಯನ್ನು ಮೊದಲು ಪೆನ್‌ಡ್ರೈವ್‌ಗೆ ಹಾಕಿಡಿ. ಆಮೇಲೆ ಅದೇ ಔಟ್‌ಲುಕ್‌ಗೆ ಹೊಸ ಖಾತೆಯನ್ನು ಐಮ್ಯಾಪ್ ವಿಧಾನದಲ್ಲಿ ಸೇರಿಸಿ ಫೋಲ್ಡರ್‌ಗಳನ್ನು ಅದರೊಳಗೆ ಕಾಪಿ ಮಾಡಿ. ನಿಧಾನ ಆಗುತ್ತದೆ, ರಾತ್ರಿ ಬಿಟ್ಟುಹೋಗಿ. ಇನ್ನೊಂದು, ಐಮ್ಯಾಪ್‌ನಲ್ಲಿ ಸಾಗುವುದು ಮೇಲ್ ಮಾತ್ರ. ಕಾಂಟ್ಯಾಕ್ಟ್ಸ್ ಮತ್ತು ಕ್ಯಾಲೆಂಡರ್ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ ಹಾಕಬೇಕು.

ಎಮ್‌ಎಕ್ಸ್ ಬದಲಾವಣೆ ಶನಿವಾರ ಸಂಜೆ ಇಟ್ಟುಕೊಳ್ಳಿ. ಅದಕ್ಕೆ ಒಂದೆರಡು ದಿನ ಮುಂಚೆಯೇ ಆ ಸಾಲಿನ ಟಿಟಿಎಲ್ ಇಳಿಸಿ. ಹಳೆಯ ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಅನ್ನುವ ಲೆಕ್ಕ ಅದು. 14400 ಇದ್ದರೆ 4 ಗಂಟೆ, 86400 ಇದ್ದರೆ ಪೂರ್ತಿ ಒಂದು ದಿನ. 300 ಮಾಡಿಟ್ಟರೆ 5 ನಿಮಿಷ. ಬದಲಾಯಿಸುವಾಗ ಹಳೆಯ ಎಮ್‌ಎಕ್ಸ್ ಸಾಲುಗಳನ್ನು ಅಳಿಸಿಬಿಡಿ. 'ಬ್ಯಾಕಪ್‌ಗೆ ಇರಲಿ' ಅಂತ ಕೆಳಗಡೆ ಉಳಿಸಿದರೆ ಕೆಲವು ಮೇಲ್ ಇಲ್ಲಿಗೆ, ಕೆಲವು ಅಲ್ಲಿಗೆ ಹೋಗಿ ತಲೆ ಕೆಡುತ್ತದೆ. ಗೂಗಲ್‌ಗೆ ಹಳೆಯ ವಿಡಿಯೊಗಳಲ್ಲಿ ಐದು ಎಮ್‌ಎಕ್ಸ್ ಸಾಲು ಹಾಕಲು ಹೇಳುತ್ತಾರೆ. 2023ರಿಂದ ಒಂದೇ ಸಾಲು ಸಾಕು, ಎಸ್‌ಎಮ್‌ಟಿಪಿ ಡಾಟ್ ಗೂಗಲ್ ಡಾಟ್ ಕಾಮ್. ಐದು ಹಾಕಿದರೂ ತಪ್ಪೇನಿಲ್ಲ.

ಸೋಮವಾರ ಬೆಳಿಗ್ಗೆ ಬೇರೆ ತಲೆನೋವು ಶುರು. ಟ್ಯಾಲಿಯಿಂದ ಇನ್‌ವಾಯ್ಸ್ ಮೇಲ್ ಹೋಗುವುದಿಲ್ಲ, ಸ್ಕ್ಯಾನರ್‌ನಿಂದ ಮೇಲ್ ಬರುವುದಿಲ್ಲ. ಅವುಗಳ ಹೊಟ್ಟೆಯಲ್ಲಿ ಇನ್ನೂ ಹಳೆಯ ಸರ್ವರ್ ಹೆಸರು, ಹಳೆಯ ಪಾಸ್‌ವರ್ಡ್ ಇರುತ್ತದೆ. ಹೊಸ ಕಡೆ ಸಾಮಾನ್ಯ ಪಾಸ್‌ವರ್ಡ್ ಕೊಟ್ಟರೆ ಒಪ್ಪದಿರಬಹುದು. ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, ಇಂಥ ಯಂತ್ರಗಳಿಗೆಂದೇ ಆ್ಯಪ್ ಪಾಸ್‌ವರ್ಡ್ ಒಂದನ್ನು ಮಾಡಿಕೊಂಡು ಅದನ್ನು ಹಾಕಿ.

ಒಂದು ವಾರ ಕಳೆದ ಮೇಲೆ ಮೈಗ್ರೇಶನ್ ಮತ್ತೊಮ್ಮೆ ಓಡಿಸಿ, ಬದಲಾವಣೆಯ ಹೊತ್ತಿನಲ್ಲಿ ಹಳೆಯ ಕಡೆ ಬಿದ್ದ ನಾಲ್ಕಾರು ಮೇಲ್ ಬರುತ್ತವೆ. ಹಳೆಯ ಖಾತೆ ಒಂದು ತಿಂಗಳಾದರೂ ಇರಲಿ. ಸ್ಪ್ಯಾಮ್‌ನ ವಿಷಯಕ್ಕೆ ಕೆಳಗಿನ ಮೈಸೂರಿನವರ ಪ್ರಶ್ನೆ ನೋಡಿ.

ಪ್ರಶ್ನೆ: ಚಿಕ್ಕಮಗಳೂರು ಹತ್ತಿರ ಹೋಂಸ್ಟೇ ನಡೆಸುತ್ತೇವೆ. ಮೇಲ್ ಬೇರೆ ಕಡೆ ಸಾಗಿಸಿದೆವು, ಎಲ್ಲರ ಮೇಲ್ ಬರುತ್ತಿದೆ. ನಮ್ಮದೇ ವೆಬ್‌ಸೈಟ್‌ನ ಬುಕಿಂಗ್ ಫಾರಂ ತುಂಬಿದರೆ ಮಾತ್ರ ಬರುವುದಿಲ್ಲ. ಫಾರಂ ಕೆಟ್ಟಿದೆಯಾ?

ಉತ್ತರ: ಫಾರಂ ಸರಿಯಾಗೇ ಇರಬಹುದು, ಮೇಲ್ ಹಳೆಯ ಬಾಕ್ಸ್‌ಗೇ ಹೋಗಿ ಬೀಳುತ್ತಿದೆ. ವೆಬ್‌ಸೈಟ್ ಇನ್ನೂ ಹಳೆಯ ಸರ್ವರ್‌ನಲ್ಲೇ ಇದೆ ಅಲ್ವಾ? ಆ ಸರ್ವರ್ 'ಈ ಡೊಮೇನ್‌ನ ಮೇಲ್ ನನ್ನ ಹತ್ತಿರವೇ ಇದೆ' ಅಂತ ಇನ್ನೂ ನಂಬಿಕೊಂಡಿದೆ, ಹಾಗಾಗಿ ಡಿಎನ್‌ಎಸ್ ಕಡೆ ತಿರುಗಿಯೂ ನೋಡದೆ ತನ್ನೊಳಗೇ ಹಾಕಿಕೊಳ್ಳುತ್ತದೆ. ಸರ್ವರ್ ನಿರ್ವಹಣೆಗೆ ಸಿಪ್ಯಾನಲ್ ಇದ್ದರೆ ಇಮೇಲ್ ರೂಟಿಂಗ್ ಅನ್ನುವ ಪುಟಕ್ಕೆ ಹೋಗಿ ಲೋಕಲ್ ಅಂತ ಇರುವುದನ್ನು ರಿಮೋಟ್ ಮಾಡಿ. ಹಳೆಯ ವೆಬ್‌ಮೇಲ್ ಲಾಗಿನ್ ಇನ್ನೂ ಇದ್ದರೆ ಇವತ್ತೇ ತೆರೆದು ನೋಡಿ, ಇಷ್ಟು ದಿನದ ಬುಕಿಂಗ್ ಕೇಳಿದವರೆಲ್ಲ ಅಲ್ಲೇ ಕೂತಿರುತ್ತಾರೆ. ಅದೇ ಸರ್ವರ್‌ನಲ್ಲಿ ಬೇರೆ ಯಾರದಾದರೂ ಕಂಪನಿಯ ಮೇಲ್ ಇದ್ದರೆ, ಅವರು ನಿಮಗೆ ಕಳಿಸಿದ್ದೂ ಅಲ್ಲಿಗೇ ಹೋಗಿರುತ್ತದೆ.

ಫಾರಂನಲ್ಲಿ 'ಯಾರಿಂದ' ಅನ್ನುವ ಜಾಗಕ್ಕೆ ಅತಿಥಿಯ ಜಿಮೇಲ್ ವಿಳಾಸ ಹಾಕುವಂತೆ ಮಾಡಿದ್ದರೆ ಅದನ್ನೂ ತೆಗೆಸಿ. ನಿಮ್ಮ ಸರ್ವರ್ ಜಿಮೇಲ್ ಹೆಸರಿನಲ್ಲಿ ಮೇಲ್ ಕಳಿಸಿದರೆ ಯಾರೂ ನಂಬುವುದಿಲ್ಲ. ಕಳಿಸುವವರ ಜಾಗದಲ್ಲಿ ನಿಮ್ಮ ಡೊಮೇನ್‌ನ ವಿಳಾಸ ಇರಲಿ, ಅತಿಥಿಯ ವಿಳಾಸ ರಿಪ್ಲೈ ಜಾಗಕ್ಕೆ ಬರಲಿ.

ಪ್ರಶ್ನೆ: ಮೈಸೂರಿನ ಆಡಿಟರ್ ಕಚೇರಿಯಿಂದ. ಹೊಸ ಕಂಪನಿಗೆ ಬಂದ ಮೇಲೆ ನಮ್ಮ ಮೇಲ್ ಸ್ಪ್ಯಾಮ್‌ಗೆ ಹೋಗುವುದು ಮುಂಚಿಗಿಂತ ಜಾಸ್ತಿ ಆಗಿದೆ. ಎಸ್‌ಪಿಎಫ್ ಹಾಕಿದ್ದೇವೆ.

ಉತ್ತರ: ಎಷ್ಟು ಹಾಕಿದ್ದೀರಿ? ನಿಮ್ಮ ಡೊಮೇನ್ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅಂತ ಹೇಳುವ ಡಿಎನ್‌ಎಸ್ ಸಾಲು ಅದು. ಒಂದು ಡೊಮೇನ್‌ಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಹಳೆಯದನ್ನು ಬಿಟ್ಟು ಅದರ ಕೆಳಗೆ ಹೊಸದೊಂದು ಸೇರಿಸಿದರೆ ಎರಡೂ ಕೆಲಸಕ್ಕೆ ಬರುವುದಿಲ್ಲ, ಪರೀಕ್ಷೆ ಮಾಡುವ ಸರ್ವರ್ 'ದೋಷ' ಅಂತ ಕೈಬಿಡುತ್ತದೆ. ಎರಡನ್ನೂ ಕೂಡಿಸಿ ಒಂದು ಸಾಲು ಮಾಡಿ. ವೆಬ್‌ಸೈಟ್ ಸರ್ವರ್‌ನಿಂದ ಮೇಲ್ ಹೋಗುವುದಿಲ್ಲ ಅಂತ ಖಾತ್ರಿ ಇದ್ದರೆ ಹಳೆಯದರ ಭಾಗವನ್ನು ತೆಗೆದೇ ಹಾಕಿ. ಇಮೇಲ್ ಬಲ್ಕ್ ಕಳಿಸುವ ಸೇವೆ, ಬಿಲ್ಲಿಂಗ್ ಸಾಫ್ಟ್‌ವೇರ್, ಇನ್ನೊಂದು ಅಂತ ಸೇರಿಸುತ್ತಾ ಹೋದರೂ ಕಷ್ಟ, ಆ ಸಾಲನ್ನು ಓದಲು 10ಕ್ಕಿಂತ ಜಾಸ್ತಿ ಡಿಎನ್‌ಎಸ್ ಹುಡುಕಾಟ ಬೇಕಾದರೆ ಅದೂ ದೋಷವೇ.

ಡಿಕಿಮ್ ಆಗಿದೆಯಾ ಅಂತಲೂ ನೋಡಿ. ಹೋಗುವ ಪ್ರತಿ ಮೇಲ್‌ಗೂ ಹಾಕುವ ಡಿಜಿಟಲ್ ಸಹಿ ಅದು. ವರ್ಕ್‌ಸ್ಪೇಸ್‌ನಲ್ಲಿ ಕೀ ತಯಾರಿಸಿ ಡಿಎನ್‌ಎಸ್‌ಗೆ ಹಾಕಿದ ಮೇಲೆ ಮತ್ತೆ ಅಡ್ಮಿನ್ ಪುಟಕ್ಕೆ ಬಂದು ಚಾಲೂ ಮಾಡುವ ಬಟನ್ ಒತ್ತಬೇಕು. ಆ ಬಟನ್ ಒತ್ತುವುದನ್ನೇ ಮರೆತವರು ಬಹಳ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿ ಮಾಡಿವೆ. ಜಿಮೇಲ್‌ಗೆ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಇಲ್ಲವೇ ಡಿಕಿಮ್ ಬೇಕು. ದಿನಕ್ಕೆ 5000 ಮೇಲ್ ದಾಟುವವರಿಗೆ ಎರಡೂ ಬೇಕು, ಜೊತೆಗೆ ಡಿಮಾರ್ಕ್ (ಈ ಪರೀಕ್ಷೆಗಳಲ್ಲಿ ಸೋತ ಮೇಲ್ ಅನ್ನು ಏನು ಮಾಡಬೇಕು ಅಂತ ಹೇಳುವ ಸಾಲು) ಕೂಡ. ನೀವು ಅಷ್ಟು ಕಳಿಸಲ್ಲ, ಆದರೂ ಮೂರನ್ನೂ ಹಾಕಿ. ಡಿಮಾರ್ಕ್ ಅನ್ನು ಮೊದಲು 'ನನ್' (none, ಅಂದ್ರೆ ಏನೂ ಮಾಡಬೇಡ) ಅಂತ ಇಟ್ಟು ವರದಿ ನೋಡಿ, ಮೊದಲ ದಿನವೇ 'ರಿಜೆಕ್ಟ್' ಮಾಡಿದರೆ ನಿಮ್ಮದೇ ನೋಟಿಸ್‌ಗಳು ತಿರಸ್ಕಾರ ಆದಾವು.

ಒಂದು ಜಿಮೇಲ್‌ಗೆ ಮೇಲ್ ಕಳಿಸಿ, ಅಲ್ಲಿ ಮೂರು ಚುಕ್ಕಿ ಒತ್ತಿ ಶೋ ಒರಿಜಿನಲ್ ನೋಡಿ. ಮೂರರ ಎದುರಿಗೂ ಪಾಸ್ ಅಂತ ಬಂದರೆ ನಿಮ್ಮ ಕಡೆಯಿಂದ ಆಗಬೇಕಾದ್ದು ಆಗಿದೆ.

ಪ್ರಶ್ನೆ: ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಈಗ ಫೋನ್ ಎತ್ತುತ್ತಿಲ್ಲ. ಡೊಮೇನ್ ಅವನ ಖಾತೆಯಲ್ಲಿದೆ. ಏನು ಮಾಡುವುದು? ದಾವಣಗೆರೆಯಿಂದ.

ಉತ್ತರ: ಹೂಈಸ್ (WHOIS) ಹುಡುಕಾಟ, ಅಂದ್ರೆ ಡೊಮೇನ್ ನೋಂದಣಿಯ ವಿವರ ತೋರಿಸುವ ಹುಡುಕಾಟ, ಮಾಡಿ. ಡೊಮೇನ್ ಯಾವ ರಿಜಿಸ್ಟ್ರಾರ್ (ಡೊಮೇನ್ ಮಾರುವ ಕಂಪನಿ) ಹತ್ತಿರ ಇದೆ, ಯಾವ ದಿನ ಅವಧಿ ಮುಗಿಯುತ್ತದೆ ಅಂತ ಗೊತ್ತಾಗುತ್ತದೆ. ಆ ದಿನವನ್ನು ಬರೆದಿಟ್ಟುಕೊಳ್ಳಿ, ನವೀಕರಣ ಆಗದೇ ಬಿಟ್ಟರೆ ಮೇಲೂ ಹೋಯಿತು, ವೆಬ್‌ಸೈಟೂ ಹೋಯಿತು. ಮಾಲೀಕರ ಜಾಗದಲ್ಲಿ ನಿಮ್ಮ ಸಂಸ್ಥೆಯ ಹೆಸರು ಇದ್ದರೆ ನಿಮ್ಮ ಕೈ ಗಟ್ಟಿ. ಜಿಎಸ್‌ಟಿ ನೋಂದಣಿ, ದುಡ್ಡು ಕೊಟ್ಟ ಬಿಲ್ ಇಟ್ಟುಕೊಂಡು ರಿಜಿಸ್ಟ್ರಾರ್‌ಗೆ ಬರೆಯಿರಿ. ಅವನ ಹೆಸರೇ ಇದ್ದರೆ ಕಾಗದದ ಮೇಲೆ ಡೊಮೇನ್ ಅವನದು, ಕೋಪ ಮಾಡಿಕೊಂಡು ಉಪಯೋಗವಿಲ್ಲ. ಊರಿನವನೇ ತಾನೆ, ಮನೆಗೆ ಹೋಗಿ ಬಾಕಿ ಏನಾದರೂ ಇದ್ದರೆ ತೀರಿಸಿ, ಎದುರಿಗೇ ವರ್ಗಾವಣೆ ಕೋಡ್ ತಗೊಳ್ಳಿ. ಡಾಟ್ ಇನ್ ಡೊಮೇನ್‌ಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯಲ್ಲಿ ಐಎನ್‌ಡಿಆರ್‌ಪಿ ಅನ್ನುವ ವ್ಯಾಜ್ಯದ ದಾರಿ ಇದೆ. ಆದರೆ ಅದು ಟ್ರೇಡ್‌ಮಾರ್ಕ್, ಬ್ರ್ಯಾಂಡ್ ಹೆಸರಿನಂಥ ಹಕ್ಕು ತೋರಿಸಬಲ್ಲವರಿಗೆ, ಶುಲ್ಕವೂ ಇದೆ. ಸಣ್ಣ ಅಂಗಡಿಗೆ ಅದು ಕೊನೆಯ ದಾರಿ.

ಡೊಮೇನ್ ಕೈಗೆ ಬಂದ ಮೇಲೆ ಅದರ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನ್‌ನದ್ದು ಆಗಿರಬಾರದು. ಮೇಲ್ ನಿಂತ ದಿನ ಪಾಸ್‌ವರ್ಡ್ ಮರುಹೊಂದಿಸುವ ಮೇಲೂ ಬರುವುದಿಲ್ಲ. ಹೊರಗಿನ ಒಂದು ಜಿಮೇಲ್ ಕೊಡಿ, ಮೊಬೈಲ್ ನಂಬರ್ ಮಾಲೀಕರದ್ದೇ ಇರಲಿ.

ಪ್ರಶ್ನೆ: ಗದಗದಲ್ಲಿ ಪ್ರಿಂಟಿಂಗ್ ಪ್ರೆಸ್, ಇಬ್ಬರೇ ಇದ್ದೇವೆ. ಕಂಪನಿ ವಿಳಾಸದ ಮೇಲ್ ಅನ್ನು ನಮ್ಮ ಸ್ವಂತ ಜಿಮೇಲ್‌ಗೆ ಎಳೆದುಕೊಂಡು ಓದುತ್ತೇವೆ. ಇನ್ನು ಅದು ನಡೆಯಲ್ಲ ಅಂತಾರೆ, ನಿಜವಾ? ಪುಕ್ಕಟೆಯಾಗಿ ಬೇರೆ ದಾರಿ ಇದೆಯಾ?

ಉತ್ತರ: ನಿಜ. ಬೇರೆ ಖಾತೆಯ ಮೇಲ್ ಅನ್ನು ಪಾಪ್ ಮೂಲಕ ಜಿಮೇಲ್ ಎಳೆದುಕೊಳ್ಳುತ್ತಿದ್ದ ಸೌಲಭ್ಯವನ್ನು ನಿಲ್ಲಿಸುವುದಾಗಿ ಗೂಗಲ್ ಹೇಳಿದೆ. ಜಿಮೇಲ್ ಮೊಬೈಲ್ ಆ್ಯಪ್‌ಗೆ ಆ ಖಾತೆಯನ್ನು ಐಮ್ಯಾಪ್‌ನಲ್ಲಿ ಸೇರಿಸಿಕೊಂಡು ಓದುವುದು ನಡೆಯುತ್ತದೆ, ಅದಕ್ಕೆ ತೊಂದರೆ ಇಲ್ಲ.

ಪುಕ್ಕಟೆ ಬೇಕು ಅಂದ್ರೆ ಜೋಹೊ ಮೇಲ್‌ನಲ್ಲಿ ಐದು ಜನರವರೆಗೆ, ಒಬ್ಬರಿಗೆ 5 ಜಿಬಿ ಜಾಗದ ಉಚಿತ ಪ್ಲಾನ್ ಇದೆ. ಆದರೆ ಅದರಲ್ಲಿ ಐಮ್ಯಾಪ್, ಪಾಪ್ ಸಿಗುವುದಿಲ್ಲ, ಅವರ ವೆಬ್ ಪುಟದಲ್ಲೋ ಅವರ ಆ್ಯಪ್‌ನಲ್ಲೋ ಓದಬೇಕು. ಔಟ್‌ಲುಕ್ ಬೇಕೇ ಬೇಕು ಅನ್ನುವವರಿಗೆ ಆಗಲ್ಲ. ನಿಮಗೆ ಗಿರಾಕಿಗಳು ಡಿಸೈನ್ ಫೈಲ್ ಮೇಲ್‌ನಲ್ಲೇ ಕಳಿಸುತ್ತಾರೆ, 5 ಜಿಬಿ ಎಷ್ಟು ದಿನಕ್ಕೆ ತುಂಬುತ್ತದೆ ಅಂತ ನಿಮಗೇ ಗೊತ್ತು. ಫೈಲ್‌ಗಳಿಗೆ ಡ್ರೈವ್ ಲಿಂಕ್ ಕಳಿಸಿ ಅಂತ ಗಿರಾಕಿಗಳಿಗೆ ಹೇಳಿ ನೋಡಿ. ಕೇಳದಿದ್ದರೆ ಇಬ್ಬರಿಗೆ ಕಡಿಮೆ ದರದ ಪ್ಲಾನ್ ತಗೊಳ್ಳಿ, ಮದುವೆ ಪತ್ರಿಕೆಯ ಒಂದು ಆರ್ಡರ್‌ನಲ್ಲಿ ವರ್ಷದ್ದು ಹುಟ್ಟುತ್ತದೆ.