ಕರೋಕೆ ಪ್ಲೇಯರಿನ ಪ್ರೋಗ್ರಾಂ ಬರೆಯುವಾಗ, ತೆರೆಯ ಮೇಲಿನ ಸಾಹಿತ್ಯ ಹಾಡಿಗಿಂತ ಮುಂದೆ ಓಡದಂತೆ ಮಾಡುವುದು ಹೇಗೆ?

ಸಾಹಿತ್ಯದ ಚಿತ್ರವನ್ನು ಕಂಪ್ಯೂಟರಿನ ಗಡಿಯಾರಕ್ಕೆ ಕಟ್ಟಬೇಡಿ, ಧ್ವನಿಗೆ ಕಟ್ಟಿ. ಹಾಡು ಈಗ ಎಷ್ಟನೇ ಸೆಕೆಂಡಿನಲ್ಲಿದೆ ಎಂದು ಆಡಿಯೊ ಪ್ಲೇಯರನ್ನೇ ಕೇಳಿ, ಅಲ್ಲಿಯವರೆಗಿನ ಗ್ರಾಫಿಕ್ಸ್ ಮಾತ್ರ ಬಿಡಿಸಿ.

ಎಂಪಿ3 ಜೊತೆ ಬರುವ ಸಿಡಿಜಿ ಫೈಲಿನಲ್ಲಿ (ಸಾಹಿತ್ಯವನ್ನು ತೆರೆಯ ಮೇಲೆ ಬಿಡಿಸುವ ಸೂಚನೆಗಳ ಫೈಲು) ಸಮಯವನ್ನು ಎಲ್ಲೂ ಬರೆದಿರುವುದಿಲ್ಲ. ಅದು 24 ಬೈಟ್‌ಗಳ ಪ್ಯಾಕೆಟ್‌ಗಳ ಸಾಲು. ಸೆಕೆಂಡಿಗೆ 300 ಪ್ಯಾಕೆಟ್. ಹಾಡು 62.5ನೇ ಸೆಕೆಂಡಿನಲ್ಲಿದ್ದರೆ 18,750 ಪ್ಯಾಕೆಟ್ ಮುಗಿದಿರಬೇಕು, ಅಷ್ಟೇ ಲೆಕ್ಕ. ಸೆಕೆಂಡಿಗೆ 60 ಸಲ ಬದಲಾಗುವ ತೆರೆಯಲ್ಲಿ ಪ್ರತಿ ಸಲಕ್ಕೆ 5 ಬರುತ್ತವೆ. ಒಂದು ಸಲ ತಪ್ಪಿಹೋದರೆ ಮುಂದಿನ ಸಲ 10 ಬಿಡಿಸಿ, ಯಾವುದನ್ನೂ ಹಾರಿಸಬೇಡಿ. ಬಹುತೇಕ ಪ್ಯಾಕೆಟ್‌ಗಳು 6×12 ಪಿಕ್ಸೆಲ್‌ನ ಒಂದೊಂದು ತುಂಡನ್ನಷ್ಟೇ ಬಿಡಿಸುವುದರಿಂದ, ಹಾರಿಸಿದರೆ ಅಕ್ಷರದಲ್ಲಿ ತೂತು ಬೀಳುತ್ತದೆ. ಹಾಡನ್ನು ಹಿಂದಕ್ಕೆ ಎಳೆದಾಗಲೂ ಇದೇ ಕಾರಣಕ್ಕೆ ಸೊನ್ನೆಯಿಂದ ಎಲ್ಲವನ್ನೂ ಮರೆಯಲ್ಲಿ ಓಡಿಸಿ ಆಮೇಲೆ ತೋರಿಸಬೇಕು. ಇಂದಿನ ಫೋನಿಗೂ ಅದು ಭಾರವಲ್ಲ.

ಸಾಹಿತ್ಯ ಮೊದಲಿನಿಂದ ಕೊನೆಯವರೆಗೆ ಒಂದೇ ಅಂತರದಲ್ಲಿ ಮುಂದಿದ್ದರೆ ಸಾಮಾನ್ಯವಾಗಿ ಬ್ಲೂಟೂತ್ ಸ್ಪೀಕರಿನ ವಿಳಂಬ. ಲೆಕ್ಕದಿಂದ 200 ಮಿಲಿಸೆಕೆಂಡ್ ಕಳೆದು ನೋಡಿ, ಕಿವಿಗೆ ಹೊಂದುವಷ್ಟು ತಿದ್ದಿಕೊಳ್ಳಿ. ಅಂತರ ಬರಬರುತ್ತಾ ಬೆಳೆಯುತ್ತಿದ್ದರೆ ತಪ್ಪು ಗಡಿಯಾರದ್ದು. ನಡುವೆ ಎಲ್ಲಿಗೋ ಎಳೆದ ಮೇಲೆ ಮಾತ್ರ ತಪ್ಪುತ್ತಿದ್ದರೆ ಬದಲಾಗುವ ಬಿಟ್‌ರೇಟಿನ (ಒಂದು ಸೆಕೆಂಡಿಗೆ ಬಳಸುವ ಡೇಟಾ ಹೆಚ್ಚುಕಡಿಮೆಯಾಗುವ) ಎಂಪಿ3 ಮೇಲೆ ಅನುಮಾನಪಡಿ: ಪ್ಲೇಯರ್ ಜಾಗವನ್ನು ಅಂದಾಜಿನಲ್ಲಿ ಹುಡುಕುತ್ತಿರುತ್ತದೆ. ಸ್ಥಿರ ಬಿಟ್‌ರೇಟಿಗೆ ಬದಲಿಸಿದರೆ ಸರಿಹೋಗುತ್ತದೆ.