ಹಾರಾಟ ಮೂರೂವರೆ ಗಂಟೆ, ಕಾಯುವಿಕೆ ಇಡೀ ದಿನ

ಪ್ರಶ್ನೆ: ನಾವು ಐದು ಮಂದಿ ಹೆಂಗಸರು ಸೇರಿ ಮಲ್ಪೆ ಬಂದರಿನಿಂದ ಅಂಜಲ್, ಮಾಂಜಿ, ಬಂಗುಡೆ ತಂದು, ಶುಚಿ ಮಾಡಿ, ಮಸಾಲೆ ಸವರಿ, ಫ್ರೀಜರಿನಲ್ಲಿಟ್ಟು ಮಾರುತ್ತೇವೆ. ದುಬೈಯಲ್ಲಿರುವ ಊರಿನವರೊಬ್ಬರು ತಮ್ಮ ಅಂಗಡಿಗೆ ತಿಂಗಳಿಗೆ ನೂರು ಕೆ.ಜಿ. ಕೇಳಿದ್ದಾರೆ. ಥರ್ಮಾಕೋಲ್ ಪೆಟ್ಟಿಗೆಗೆ ಐಸ್ ತುಂಬಿಸಿ ಬಜ್ಪೆಯಿಂದ ವಿಮಾನಕ್ಕೆ ಹಾಕಿದರೆ ಸಾಕೇ? ಮೂರೂವರೆ ಗಂಟೆಯ ದಾರಿ ತಾನೇ?
— ಓದುಗರೊಬ್ಬರು, ಕಲ್ಯಾಣಪುರ

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಈ ವ್ಯವಹಾರಕ್ಕೆ ಹೊಸದಾಗಿ ಇಳಿದವರು ಎಡವುವುದು ಅಲ್ಲಿಯೇ. ವಿಮಾನ ಹಾರುವುದು ಸುಮಾರು ಮೂರೂವರೆ ಗಂಟೆ, ನಿಜ. ಆದರೆ ನಿಮ್ಮ ಮೀನಿನ ಪ್ರಯಾಣ ಕಲ್ಯಾಣಪುರದಲ್ಲಿ ಫ್ರೀಜರಿನ ಬಾಗಿಲು ತೆರೆದಾಗ ಆರಂಭವಾಗಿ, ದುಬೈ ಅಂಗಡಿಯ ಫ್ರೀಜರಿನ ಬಾಗಿಲು ಮುಚ್ಚಿದಾಗ ಮುಗಿಯುತ್ತದೆ. ನಡುವೆ ಬಜ್ಪೆಯವರೆಗಿನ ರಸ್ತೆ, ತೂಕ, ಎಕ್ಸ್‌ರೇ, ಕಸ್ಟಮ್ಸ್, ವಿಮಾನದ ಪಕ್ಕ ಬಿಸಿಲಿನಲ್ಲಿ ನಿಲ್ಲುವ ಗಾಡಿ, ಇಳಿದ ಮೇಲೆ ಅಲ್ಲಿನ ಕಸ್ಟಮ್ಸ್ ಮತ್ತು ಆಹಾರ ತಪಾಸಣೆ, ಮತ್ತೆ ರಸ್ತೆ. ಎಲ್ಲವೂ ಸುಸೂತ್ರವಾಗಿ ನಡೆದರೂ ಒಂದು ಹಗಲು, ಒಂದು ರಾತ್ರಿ ಹಿಡಿಯುತ್ತದೆ. ಪ್ಯಾಕಿಂಗ್ 48 ಗಂಟೆ ತಾಳುವಂತಿರಲಿ. ಬಜ್ಪೆಯಿಂದ ಗಲ್ಫ್‌ಗೆ ಹೋಗುವವು ಬಹುತೇಕ ಸಣ್ಣ ಹೊಟ್ಟೆಯ ಪ್ರಯಾಣಿಕ ವಿಮಾನಗಳು. ಪ್ರಯಾಣಿಕರ ಲಗೇಜಿಗೆ ಮೊದಲ ಜಾಗ, ಉಳಿದರೆ ಸರಕಿಗೆ. ಊರಿಗೆ ಬಂದ ಕುಟುಂಬಗಳು ಶಾಲೆಯ ರಜೆ ಮುಗಿಸಿ ಹಿಂದಿರುಗುವ ವಾರಗಳಲ್ಲಿ ನಿಮ್ಮ ಪೆಟ್ಟಿಗೆ ಮರುದಿನದ ವಿಮಾನಕ್ಕೆ ಕಾಯಬೇಕಾದೀತು.

ಹಲವು ವರ್ಷಗಳ ಹಿಂದೆ, ಒಂದು ಮೇ ತಿಂಗಳಲ್ಲಿ, ನಾನೇ ಕಳುಹಿಸಿದ ಸರಕಿನ ಕತೆ ಕೇಳಿ. ಪೆಟ್ಟಿಗೆಗಳು ಕಲ್ಲಿನಷ್ಟು ಗಟ್ಟಿಯಾಗಿಯೇ ತಲುಪಿದ್ದವು. ತೆರೆದು ಮೀನೆತ್ತಿದರೆ ತಳದಲ್ಲಿ ತೆಳ್ಳಗಿನ, ಗುಲಾಬಿ ಬಣ್ಣದ ಮಂಜಿನ ಹಾಳೆ. ಮೀನು ದಾರಿಯಲ್ಲೆಲ್ಲೋ ಕರಗಿ, ರಸ ಇಳಿದು, ಆಚೆಯ ಶೀತಾಗಾರದಲ್ಲಿ ಮತ್ತೆ ಹೆಪ್ಪುಗಟ್ಟಿತ್ತು. ಒಳಗಿಟ್ಟಿದ್ದ ತಾಪಮಾನ ದಾಖಲಿಸುವ ಸಾಧನವನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದಾಗ ಆಕಾಶದಲ್ಲಿದ್ದಷ್ಟು ಹೊತ್ತೂ ಗೆರೆ ನೆಟ್ಟಗಿತ್ತು. ಏರಿದ್ದು ನೆಲದ ಮೇಲಿನ ಐದು ಗಂಟೆಗಳಲ್ಲಿ. ಇಡೀ ಸರಕನ್ನು ಎಸೆಯಬೇಕಾಯಿತು. ಆ ಸಾಧನ ಕೊಳ್ಳುವವರೆಗೆ ನೀವು ಹೀಗೆ ಮಾಡಬಹುದು: ಸಣ್ಣ ಡಬ್ಬಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಅದರ ಮೇಲೊಂದು ನಾಣ್ಯವಿಟ್ಟು, ಮುಚ್ಚಿ, ಮೀನಿನ ಜೊತೆ ಕಳುಹಿಸಿ. ನಾಣ್ಯ ಮೇಲೆಯೇ ಇದ್ದರೆ ಸರಿ. ಕೆಳಗೆ ಮುಳುಗಿದ್ದರೆ ದಾರಿಯಲ್ಲಿ ಐಸ್ ಕರಗಿತ್ತು ಎಂದರ್ಥ.

ಇನ್ನು ಐಸ್. ಹೆಪ್ಪುಗಟ್ಟಿದ ಆಹಾರ ಮೈನಸ್ 18 ಡಿಗ್ರಿಯಲ್ಲಿರಬೇಕು. ನಾವು ದಕ್ಕೆಯಲ್ಲಿ ಬಳಸುವ ಐಸ್ ಕರಗುವುದು ಸೊನ್ನೆಯಲ್ಲಿ. ಮೈನಸ್ 18ರ ಮೀನಿಗೆ ಸೊನ್ನೆ ಡಿಗ್ರಿಯ ಐಸ್ ಎಂದರೆ ಬಿಸಿಯೇ! ತಾಜಾ ಮೀನಿಗೆ ಅದು ಸರಿ, ಫ್ರೀಜ್ ಮಾಡಿದ ಮೀನಿಗೆ ಅಲ್ಲ. ಮೀನಿನ ಉಪ್ಪುನೀರು ಸೋರಿದರೆ ವಿಮಾನದ ಲೋಹ ತುಕ್ಕು ಹಿಡಿಯುತ್ತದೆ. ಹಾಗಾಗಿ ಒದ್ದೆ ಪೆಟ್ಟಿಗೆಯನ್ನು ಕಾರ್ಗೋದವರು ಹಿಂದಕ್ಕೆ ಕಳುಹಿಸುತ್ತಾರೆ. ನಿಮಗೆ ಬೇಕಾದದ್ದು ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಅದು ಮೈನಸ್ 78.5 ಡಿಗ್ರಿಯಲ್ಲಿ ನೀರಾಗದೆ ನೇರವಾಗಿ ಅನಿಲವಾಗುತ್ತದೆ. ತಣ್ಣನೆಯ ಅನಿಲ ಭಾರವಾದ್ದರಿಂದ ಡ್ರೈ ಐಸನ್ನು ಮೀನಿನ ಮೇಲ್ಗಡೆ ಇಡಿ, ತಂಪು ತಾನೇ ಕೆಳಗಿಳಿಯುತ್ತದೆ.

ಆದರೆ ಎಚ್ಚರಿಕೆ ಬೇಕು. ಒಂದು ಕಿಲೋ ಡ್ರೈ ಐಸ್ ಐನೂರು ಲೀಟರಿಗೂ ಹೆಚ್ಚು ಅನಿಲವಾಗುತ್ತದೆ. ಪೆಟ್ಟಿಗೆಯನ್ನು ಗಾಳಿಯಾಡದಂತೆ ಟೇಪ್ ಸುತ್ತಿದರೆ ಅದು ಸಿಡಿಯುತ್ತದೆ. ಅನಿಲ ಹೊರಹೋಗಲು ದಾರಿ ಬಿಡಿ, ಬರಿಗೈಯಲ್ಲಿ ಮುಟ್ಟಬೇಡಿ, ಕಾರಿನಲ್ಲಿ ತರುವಾಗ ಕಿಟಕಿ ತೆರೆದಿಡಿ. ವಿಮಾನಯಾನದ ನಿಯಮದಲ್ಲಿ ಇದು ಅಪಾಯಕಾರಿ ಸರಕು: ಒಂಬತ್ತನೇ ವರ್ಗ, ಯುಎನ್ 1845. ಪೆಟ್ಟಿಗೆಯ ಮೇಲೆ ಆ ಸಂಖ್ಯೆ, ಡ್ರೈ ಐಸ್ ಎಂಬ ಹೆಸರು, ಎಷ್ಟು ಕೆ.ಜಿ. ಎಂಬುದು ಕಾಣಿಸಬೇಕು. ಒಂದು ವಿಮಾನಕ್ಕೆ ಇಷ್ಟೇ ಡ್ರೈ ಐಸ್ ಎಂಬ ಮಿತಿಯೂ ಇರುವುದರಿಂದ ಬುಕ್ ಮಾಡುವಾಗಲೇ ತಿಳಿಸಿ.

ಮಸಾಲೆಯ ವಿಷಯದಲ್ಲಿ ನಿಮಗೆ ಬೇಸರವಾಗಬಹುದಾದ ಮಾತು ಹೇಳಬೇಕಾಗಿದೆ. ಉಪ್ಪು ಬಿದ್ದ ಮೀನು ಹೆಪ್ಪುಗಟ್ಟಲು ಇನ್ನೂ ಹೆಚ್ಚು ತಂಪು ಬೇಕು, ಕರಗುವುದೂ ಬೇಗ. ಹುಳಿ ತಾಗಿದ ಮಾಂಸ ಮೆತ್ತಗಾಗುತ್ತದೆ. ವಿಮಾನಕ್ಕೆ ಹೋಗುವ ತುಂಡುಗಳನ್ನು ಬೋಳಾಗಿಯೇ ಕಳುಹಿಸಿ, ಮಸಾಲೆಯನ್ನು ಪ್ರತ್ಯೇಕ ಪೊಟ್ಟಣದಲ್ಲಿ ಕೊಡಿ. ಮನೆಯ ಫ್ರೀಜರು ನಿಧಾನವಾಗಿ ಹೆಪ್ಪುಗಟ್ಟಿಸುವುದರಿಂದ ಮಾಂಸದೊಳಗೆ ದೊಡ್ಡ ಹರಳುಗಳು ಬೆಳೆದು ಎಳೆ ಹರಿಯುತ್ತದೆ. ಕರಗಿದಾಗ ರಸವೆಲ್ಲ ಸೋರಿಹೋಗುತ್ತದೆ. ಸಂಸ್ಕರಣಾ ಘಟಕಗಳ ಬ್ಲಾಸ್ಟ್ ಫ್ರೀಜರಿನಲ್ಲಿ ಮೈನಸ್ 35-40ರ ಗಾಳಿ ಬೀಸಿ ಬೇಗ ಮುಗಿಸುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದಾಗ ಸಿಗುವ ಮೀನಿನಲ್ಲಿ ಹಳೆಯ ದಾಸ್ತಾನೂ ಇರುತ್ತದೆ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಬಂಗುಡೆಯನ್ನು ಮೊದಲ ವರ್ಷ ಕೈಬಿಡಿ. ಬಂಗುಡೆ, ಬೂತಾಯಿಯಂಥ ಮೀನು ಹಿಡಿದ ಮೇಲೆ ಸ್ವಲ್ಪ ಹೊತ್ತು ಬಿಸಿಯಲ್ಲಿದ್ದರೂ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಬೇಯಿಸಿದರೂ, ಹೆಪ್ಪುಗಟ್ಟಿಸಿದರೂ ಅದು ಹೋಗದು. ತಿಂದವರ ಮುಖ ಕೆಂಪೇರಿ ಮೈ ತುರಿಸತೊಡಗುತ್ತದೆ. ಅಂಜಲ್ ಕೂಡ ಅದೇ ಕುಲದ ಮೀನು; ಹಿಡಿದ ಕ್ಷಣದಿಂದ ಐಸ್ ತಪ್ಪದಂತೆ ನೋಡಿಕೊಳ್ಳಲು ಆಗುವುದಾದರೆ ಮಾತ್ರ ಒಪ್ಪಿಕೊಳ್ಳಿ. ಮಾಂಜಿಗೆ ಈ ಭಯ ಕಡಿಮೆ.

ಹಣದ ಲೆಕ್ಕ ಸರಳ, ಆದರೆ ಅನೇಕರಿಗೆ ಗೊತ್ತಿರುವುದಿಲ್ಲ. ವಿಮಾನದಲ್ಲಿ ತೂಕಕ್ಕಷ್ಟೇ ದರವಿಲ್ಲ, ಜಾಗಕ್ಕೂ ಇದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಬೇಕು. 60, 40, 40ರ ಪೆಟ್ಟಿಗೆ 16 ಕೆ.ಜಿ. ಆಗುತ್ತದೆ. ಮೀನು ಎಂಟು, ಡ್ರೈ ಐಸ್ ಮೂರು, ಪೆಟ್ಟಿಗೆಯೂ ಸೇರಿ ನಿಜವಾದ ತೂಕ ಹನ್ನೆರಡಾದರೂ ನೀವು ಹದಿನಾರಕ್ಕೇ ತೆರುತ್ತೀರಿ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತವೆ, ಆಗ ಅದೇ ಪೆಟ್ಟಿಗೆ 19.2 ಕೆ.ಜಿ. ಆಯಿತು!

ಕಾಗದಪತ್ರಗಳು: ಮನೆಯ ಅಡುಗೆಕೋಣೆಯಿಂದ ಮೀನನ್ನು ವ್ಯಾಪಾರಕ್ಕೆಂದು ರಫ್ತು ಮಾಡಲು ಬರುವುದಿಲ್ಲ. ಆಮದು-ರಫ್ತು ಕೋಡ್, ಎಫ್‌ಎಸ್‌ಎಸ್‌ಎಐ ಪರವಾನಗಿ, ಎಂಪೆಡಾ ಎಂದು ಕರೆಯುವ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ನೋಂದಣಿ, ಅನುಮೋದಿತ ಘಟಕದಲ್ಲಿ ಸಂಸ್ಕರಣೆ, ಆರೋಗ್ಯ ಪ್ರಮಾಣಪತ್ರ ಇವೆಲ್ಲ ಬೇಕು. ಯುಎಇಗೆ ಹೋಗುವ ಪೊಟ್ಟಣದ ಲೇಬಲ್ ಅರಬಿಯಲ್ಲೂ ಇರಬೇಕು. ನಿಮ್ಮ ಕೈರುಚಿ ಹಾಳಾಗಬಾರದು ಎಂಬ ಕಾಳಜಿಯಿಂದಲೇ ಹೇಳುತ್ತೇನೆ: ಮೀನಿನ ಕೆಲಸವನ್ನು ಅನುಮೋದಿತ ಘಟಕವೊಂದಕ್ಕೆ ವಹಿಸಿ, ಮಸಾಲೆಯನ್ನು ಮಾತ್ರ ನಿಮ್ಮ ಹೆಸರಿನಲ್ಲಿ ಉಳಿಸಿಕೊಳ್ಳಿ.

ಪ್ರಶ್ನೆ: ಮಟ್ಟುಗುಳ್ಳವನ್ನು ಗಲ್ಫ್‌ಗೆ ಕಳುಹಿಸಿದಾಗ ಮೈಮೇಲೆ ಕಂದು ಕುಳಿಗಳು ಬಿದ್ದು ತಲುಪಿದವು. ಐಸ್ ಜೆಲ್ ಚೀಲ ಇಟ್ಟಿದ್ದೆವು. ತಪ್ಪಾದದ್ದೆಲ್ಲಿ?
— ಬೆಳೆಗಾರರು, ಕಟಪಾಡಿ

ಉತ್ತರ: ಆ ಜೆಲ್ ಚೀಲಗಳಿಂದಲೇ ಹೀಗಾಗಿರಬೇಕು. ಬದನೆಯ ಜಾತಿಗೆ 10ರಿಂದ 12 ಡಿಗ್ರಿ ಹಿತ. ಅದಕ್ಕಿಂತ ತಂಪಾದರೆ ಸಿಪ್ಪೆ ಕುಳಿಬೀಳುತ್ತದೆ, ಒಳಗಿನ ಬೀಜ ಕಪ್ಪಾಗುತ್ತದೆ. ಮುಂಜಾನೆ ಕೊಯ್ದು, ನೆರಳಲ್ಲಿ ಬಿಸಿ ಆರಿಸಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ. ತೊಟ್ಟಿನ ಮುಳ್ಳು ಪಕ್ಕದ ಕಾಯಿಯನ್ನು ಗೀರದಿರಲು ಇದು ಬೇಕೇ ಬೇಕು. ತೂತಿರುವ ರಟ್ಟಿನ ಪೆಟ್ಟಿಗೆ ಬಳಸಿ. ಮಾಗಿದ ಬಾಳೆಹಣ್ಣು, ಮಾವಿನ ಜೊತೆ ಇಡಬೇಡಿ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಗುಳ್ಳ ಬೇಗ ಬಾಡುತ್ತದೆ. ಸಸ್ಯ ಆರೋಗ್ಯ ಪ್ರಮಾಣಪತ್ರ ಮಾಡಿಸಿರುತ್ತೀರಿ ಎಂದುಕೊಳ್ಳುತ್ತೇನೆ.

ಪ್ರಶ್ನೆ: ಮಗ ಓದಲು ಜರ್ಮನಿಗೆ ಹೊರಟಿದ್ದಾನೆ. ಕೋಳಿ ಸುಕ್ಕ, ತುಪ್ಪ, ಅಂಜಲ್ ಫ್ರೈಯನ್ನು ಫ್ರೀಜ್ ಮಾಡಿ ಸೂಟ್‌ಕೇಸಿನಲ್ಲಿ ಕೊಡಬಹುದೇ?
— ತಾಯಿ, ಸುರತ್ಕಲ್

ಉತ್ತರ: ಕೋಳಿ, ತುಪ್ಪ ಎರಡೂ ಬೇಡ. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ, ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ಸಿಕ್ಕಿದರೆ ಅಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ, ದಂಡವನ್ನೂ ಹಾಕಬಹುದು. ಸ್ವಂತ ಬಳಕೆಗೆ 20 ಕೆ.ಜಿ.ವರೆಗೆ ಮೀನಿಗೆ ಅವಕಾಶವಿದೆ. ಡ್ರೈ ಐಸ್ ಕೂಡ ವಿಮಾನ ಸಂಸ್ಥೆಯ ಒಪ್ಪಿಗೆಯಿದ್ದರೆ ಒಬ್ಬರಿಗೆ ಎರಡೂವರೆ ಕೆ.ಜಿ. ಒಯ್ಯಬಹುದು. ಆದರೆ ನಡುವೆ ವಿಮಾನ ಬದಲಿಸುವ ದಾರಿ, ಗಂಟೆಗಟ್ಟಲೆ ಕಾಯುವಿಕೆ. ಮಗನ ಹೊಟ್ಟೆಯ ವಿಷಯದಲ್ಲಿ ಅಷ್ಟು ಧೈರ್ಯ ನಾನು ಮಾಡುವುದಿಲ್ಲ. ರೊಟ್ಟಿಯನ್ನು ಧಾರಾಳವಾಗಿ ಕೊಡಿ. ಸುಕ್ಕದ ಮಸಾಲೆಯನ್ನು ತುಪ್ಪದ ಬದಲು ತೆಂಗಿನೆಣ್ಣೆಯಲ್ಲಿ, ನೀರಿನ ಪಸೆ ಪೂರ್ತಿ ಆರುವಂತೆ ಹುರಿದು ಗಟ್ಟಿ ಡಬ್ಬಿಯಲ್ಲಿ ತುಂಬಿ. ಡಬ್ಬಿ ಕೈಚೀಲದಲ್ಲಿ ಬೇಡ. ಮಸಾಲೆ ಮುದ್ದೆಯನ್ನು ತಪಾಸಣೆಯವರು ದ್ರವವೆಂದೇ ಎಣಿಸುತ್ತಾರೆ. ದೊಡ್ಡ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ, ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಇಡಿ.